ಅನ್ಯದೇಶೀಯ ವಿವಾಹವೂ ನಮ್ಮ ಗೃಹಸ್ಥರೂ

ನಮ್ಮ ಜಿಲ್ಲೆಯ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಲಗ್ನಪತ್ರಿಕೆ ಕಾಣಿಸಿಕೊಳ್ಳತೊಡಗಿದೆ. ಮೇಲ್ಗಡೆ ವಿಘ್ನೇಶ್ವರನ ಚಿತ್ರ; ಅದರ ಕೆಳಗೆ ನಮ್ಮ ಕಡೆಯ ಹುಡುಗಿಯ ಹೆಸರು; ಪಕ್ಕದಲ್ಲಿ ನಮ್ಮ ನಾಲಗೆಗೆ ಸುಲಭವಾಗಿ ಒಗ್ಗದ ಪರದೇಶದ ವರನೊಬ್ಬನ ಹೆಸರು; ವಿವಾಹಸ್ಥಳವೆಂಬಲ್ಲಿ, ವಧುವಿನ ಊರೂ ಅಲ್ಲದ ವರನ ಊರೂ ಅಲ್ಲದ, ಮೂರನೆಯ ಯಾವುದೋ ದೇಶದ ಸಮುದ್ರತೀರದ ಹೋಟೆಲು. ಈ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ನಮ್ಮ ಗೃಹಸ್ಥರು ಎರಡು ಪಂಗಡವಾಗಿ ಮಾತನಾಡುತ್ತಾರೆ. ಕುಲವೆಲ್ಲಿ, ಗೋತ್ರವೆಲ್ಲಿ, ಧರ್ಮವೇ ಮುಳುಗಿತು ಎಂದು ಒಂದು ಪಂಗಡದವರು ಹಲುಬುವರು. ಕಾಲ ಬದಲಾಯಿತು, ಮಕ್ಕಳ ಸುಖವೇ ನಮ್ಮ ಸುಖ ಎಂದು ಇನ್ನೊಂದು ಪಂಗಡದವರು ಸೂಟುಕೇಸು ಸಿದ್ಧಮಾಡಿಕೊಳ್ಳುವರು. ಕೇಳಬೇಕಾದ ಪ್ರಶ್ನೆಯನ್ನು ಬಿಟ್ಟು ಇಬ್ಬರೂ ಬೇರೇನನ್ನೋ ಕೇಳುತ್ತಿದ್ದಾರೆಂಬುದು ನನ್ನ ಆಕ್ಷೇಪಣೆ. ಆ ಮರಳಿನ ಮೇಲೆ ಆ ದಿನ ನಡೆಯತಕ್ಕದ್ದು ವಿವಾಹವೋ, ಅಲ್ಲವೋ? ಇದನ್ನು ಯಾರೂ ಕೇಳುತ್ತಿಲ್ಲ.

ಮೊದಲನೆಯ ಪಂಗಡದವರ ಮಾತನ್ನು ಬೇಗ ಮುಗಿಸಿಬಿಡುವೆನು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ನನ್ನ ಆಯುಸ್ಸಿನ ಬಹುಭಾಗವನ್ನು ಮಕ್ಕಳಿಗೆ ಶಬ್ದರೂಪಾವಳಿಯನ್ನು ಬಾಯಿಪಾಠ ಮಾಡಿಸುವುದರಲ್ಲಿ ಕಳೆದವನು. ಶಾಸ್ತ್ರದ ಹೆಸರೆತ್ತಿದವರಿಗೆ ಶಾಸ್ತ್ರದಿಂದಲೇ ಉತ್ತರ ಹೇಳುವುದು ನನಗೆ ಸಲ್ಲುತ್ತದೆ. ಬೋಧಾಯನ ಧರ್ಮಸೂತ್ರದಲ್ಲಿ ದಕ್ಷಿಣದೇಶದವರ ಐದು ವಿಶೇಷಾಚಾರಗಳನ್ನೂ ಉತ್ತರದೇಶದವರ ಐದು ವಿಶೇಷಾಚಾರಗಳನ್ನೂ ಎಣಿಸಿ ಹೇಳಿದೆ. ಸಮುದ್ರಯಾನವು ಉತ್ತರದವರ ಪಟ್ಟಿಯಲ್ಲಿದೆ. ದಕ್ಷಿಣದವರ ಪಟ್ಟಿಯಲ್ಲಿರುವುದೇನು? ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವಿವಾಹವಾಗುವುದು! ನಮ್ಮ ಅಜ್ಜಂದಿರಲ್ಲಿ ಅರ್ಧಪಾಲಿನವರು ಆ ಪಟ್ಟಿಯ ಪ್ರಕಾರ ಲಗ್ನವಾದವರು. ದೇಶಾಚಾರವೆಂಬ ಒಂದೇ ಬಾಗಿಲಿನಿಂದ ಸೋದರಿಕೆಯನ್ನು ಒಳಕ್ಕೆ ಕರೆದು, ಅದೇ ಬಾಗಿಲಿನ ಮುಂದೆ ಹಡಗಿನಿಂದ ಇಳಿದು ಬಂದವನನ್ನು ತಡೆದು ನಿಲ್ಲಿಸುವುದು ಯಾವ ನ್ಯಾಯ? ಇನ್ನು ಪುರಾಣೇತಿಹಾಸಗಳಿಗೆ ಹೋದರೆ ಗಾಂಧಾರಿ ಗಾಂಧಾರದವಳು, ಕೈಕೇಯಿ ಕೇಕಯದವಳು, ಮಾದ್ರಿ ಮದ್ರದವಳು, ಉಲೂಪಿಯಂತೂ ನಾಗಕನ್ಯೆ. ರತ್ನದಂಥ ಸ್ತ್ರೀಯನ್ನು ಕುಲವೆಣಿಸದೆಯೂ ಸ್ವೀಕರಿಸಬಹುದೆಂಬ ಅಭಿಪ್ರಾಯವು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿಯೇ ದೊರೆಯುತ್ತದೆ. ಗೋತ್ರದ ತಕರಾರು ಹೇಳುವವರಿಗೆ ಮತ್ತೊಂದು ಸಂಗತಿ. ಸಗೋತ್ರ ವಿವಾಹಕ್ಕಿದ್ದ ಪ್ರತಿಬಂಧವನ್ನು ಕಾಯಿದೆಯು 1946ರಷ್ಟು ಹಿಂದೆಯೇ ತೆಗೆದುಹಾಕಿತು. ಗೋತ್ರವರಿಯದವನಿಗೆ ಕಾಶ್ಯಪಗೋತ್ರವನ್ನು ಹೇಳುವ ಸಂಪ್ರದಾಯವಂತೂ ಅದಕ್ಕಿಂತ ಬಹು ಹಳೆಯದು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಶಿಶುವಿವಾಹವನ್ನು ತಡೆಯುವ ಶಾಸನ ಬಂದಾಗಲೂ ಧರ್ಮ ಮುಳುಗಿತೆಂದವರಿದ್ದರು. ಎಂಟು ವಯಸ್ಸು ತುಂಬದ ಹೆಣ್ಣುಮಕ್ಕಳ ಮದುವೆ ನಿಂತದ್ದರಿಂದ ಮುಳುಗಿದ ಧರ್ಮ ಯಾವುದೆಂದು ಈಗ ಅವರ ಮರಿಮಕ್ಕಳೂ ಹೇಳಲಾರರು.

ಆದಕಾರಣ ನನ್ನ ವಾದವು ಪರದೇಶದ ಅಳಿಯನ ಮೇಲಾಗಲಿ ಸೊಸೆಯ ಮೇಲಾಗಲಿ ಅಲ್ಲ. ಎರಡನೆಯ ಪಂಗಡದವರ, ಎಂದರೆ ಒಪ್ಪಿಕೊಂಡವರ ಮೇಲೆ. ಒಪ್ಪಿಕೊಂಡ ಮಾತ್ರಕ್ಕೆ ತಮ್ಮ ಕರ್ತವ್ಯ ತೀರಿತೆಂದು ತಿಳಿದು ಇವರು ಮಕ್ಕಳ ವಿವಾಹವನ್ನು ಉತ್ಸವವ್ಯವಸ್ಥಾಪಕರ ಕೈಗೆ ಒಪ್ಪಿಸುತ್ತಿದ್ದಾರೆ. ಅಂಥವರು ಹೂವನ್ನು ಬಲ್ಲರು, ದೀಪವನ್ನು ಬಲ್ಲರು, ಆಕಾಶದಿಂದ ಚಿತ್ರ ತೆಗೆಯುವ ಯಂತ್ರವನ್ನೂ ಬಲ್ಲರು. ವಿವಾಹವು ಯಾವುದರಿಂದ ಸಿದ್ಧವಾಗುತ್ತದೆಂಬುದನ್ನು ಬಲ್ಲವರಲ್ಲ, ಬಲ್ಲೆವೆಂದು ಅವರು ಹೇಳಿಕೊಳ್ಳುವುದೂ ಇಲ್ಲ.

ಶಾಸನವೇನು ಹೇಳುತ್ತದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ; ವಾಚಕ ಮಹಾಶಯರು ಬೇಸರಪಡಬಾರದು. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ವಧೂವರರಿಬ್ಬರೂ ಹಿಂದುಗಳಾಗಿರಬೇಕು. ಆ ಶಬ್ದದಲ್ಲಿ ಬೌದ್ಧರೂ ಜೈನರೂ ಸಿಖ್ಖರೂ ಅಡಗಿದ್ದಾರೆ. ಕ್ರೈಸ್ತರಾಗಲಿ ಮುಸಲ್ಮಾನರಾಗಲಿ ಯೆಹೂದ್ಯರಾಗಲಿ ಇಲ್ಲ. ಹೀಗಿರುವಲ್ಲಿ ಕ್ರೈಸ್ತವರನಿಗೂ ನಮ್ಮ ಹುಡುಗಿಗೂ ಅಗ್ನಿಸಾಕ್ಷಿಯಾಗಿ, ವೇದೋಕ್ತವಾಗಿ, ಏಳು ಹೆಜ್ಜೆಗಳನ್ನೂ ಕ್ರಮವಾಗಿ ತುಳಿಸಿದರೂ ಆ ಕಾಯಿದೆಯ ಕಣ್ಣಿಗೆ ಅದು ವಿವಾಹವಲ್ಲ. 2008ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ತೀರ್ಮಾನಿಸಿತು. ಹಿಂದೂ ಹುಡುಗಿಗೂ ಕ್ರೈಸ್ತನಿಗೂ ದೇವಸ್ಥಾನದಲ್ಲಿ ತಾಳಿಕಟ್ಟಿ ಆದ ಮದುವೆಯು ಆ ಕಾಯಿದೆಯಲ್ಲಿ ನೋಂದಣಿ ಮಾಡಿಸಿದ್ದರೂ ಶೂನ್ಯವೆಂದು ನ್ಯಾಯಾಧೀಶರು ಹೇಳಿದರು. ಇದರ ಮತ್ತೊಂದು ಮುಖವು 2024ರ ಏಪ್ರಿಲಿನಲ್ಲಿ ಹೊರಬಿತ್ತು. ಹಿಂದುಗಳೇ ಆದ ಇಬ್ಬರು ವಿವಾಹಕರ್ಮವನ್ನೇ ನಡೆಸದೆ ಪ್ರಮಾಣಪತ್ರವನ್ನು ಮಾತ್ರ ಪಡೆದಿದ್ದ ಮೊಕದ್ದಮೆಯಲ್ಲಿ, ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ನಾಗರತ್ನ ಅವರಿದ್ದ ಪೀಠವು, ಕರ್ಮವಿಲ್ಲದೆ ಬರಿಯ ಕಾಗದದಿಂದ ಹಿಂದೂ ವಿವಾಹವಾಗುವುದಿಲ್ಲವೆಂದೂ, ಮದುವೆಯೆಂದರೆ ಹಾಡು ಕುಣಿತ ಊಟೋಪಚಾರಗಳ ಸಂದರ್ಭವಲ್ಲವೆಂದೂ ಹೇಳಿತು. ಎಂದಮೇಲೆ ಒಬ್ಬರಿಗೆ ಕಾಗದವಿದ್ದರೂ ಸಪ್ತಪದಿಯಿಲ್ಲದೆ ಸಾಲದು. ಮತ್ತೊಬ್ಬರಿಗೆ ಸಪ್ತಪದಿಯಿದ್ದರೂ ತಕ್ಕ ಕಾಯಿದೆಯ ಕಾಗದವಿಲ್ಲದೆ ಸಾಲದು. ತಮ್ಮ ಮಗಳು ಇವರಲ್ಲಿ ಯಾರೆಂಬುದನ್ನು ತಿಳಿಯದೆ ತಂದೆಯಾದವನು ಛತ್ರಕ್ಕಾಗಲಿ ಹೋಟೆಲಿಗಾಗಲಿ ಮುಂಗಡ ಕೊಡತಕ್ಕದ್ದಲ್ಲ.

ಹಾಗಾದರೆ ವರನನ್ನು ಒಂದು ದಿನದ ಮಟ್ಟಿಗೆ ಹಿಂದುವಾಗಿ ಮಾಡಿಬಿಡೋಣ ಎನ್ನುವ ಜಾಣರಿದ್ದಾರೆ. ಪ್ರಾತಃಕಾಲ ಪುಣ್ಯಾಹ, ಹತ್ತು ಗಂಟೆಗೆ ನಾಮಕರಣ, ಹನ್ನೊಂದಕ್ಕೆ ಧಾರೆ, ಸಾಯಂಕಾಲದ ಹೊತ್ತಿಗೆ ಆತನು ಮೊದಲಿನಂತೆಯೇ. ಮತಾಂತರವು ನಿಜವಾದ ಮನಃಪೂರ್ವಕ ಉದ್ದೇಶದಿಂದಲೂ ಅದಕ್ಕೆ ಒಪ್ಪುವ ನಡತೆಯಿಂದಲೂ ಸಿದ್ಧವಾಗುತ್ತದೆಂದೂ, ಶುದ್ಧಿಯ ವಿಧಿ ಮುಖ್ಯವಲ್ಲವೆಂದೂ ಸುಪ್ರೀಂ ಕೋರ್ಟು 1970ರಲ್ಲಿಯೇ ಹೇಳಿದೆ. ಈ ಜಾಣರು ಅದನ್ನು ತಲೆಕೆಳಗು ಮಾಡಿ, ವಿಧಿಯನ್ನು ಇಟ್ಟುಕೊಂಡು ಉದ್ದೇಶವನ್ನು ಬಿಟ್ಟಿದ್ದಾರೆ. ನಂಬಿಕೆಯಿಂದ ನಮ್ಮ ಮತಕ್ಕೆ ಬಂದವನಿಗೆ ನನ್ನ ನಮಸ್ಕಾರ. ನಂಬದವನ ಬಾಯಲ್ಲಿ ನಂಬಿದೆನೆಂದು ಹೇಳಿಸುವುದು ಆತನಿಗೂ ಅವಮಾನ, ಮತಕ್ಕೂ ಅವಮಾನ. ಮದುವೆಯ ಮೊದಲನೆಯ ದಿನವೇ ಅಳಿಯನಿಗೆ ಸುಳ್ಳು ಹೇಳುವುದನ್ನು ಕಲಿಸುವ ಮಾವನು ಮುಂದೆ ಆತನಿಂದ ಸತ್ಯವನ್ನು ಹೇಗೆ ನಿರೀಕ್ಷಿಸುವನೋ ತಿಳಿಯದು.

ನೇರವಾದ ದಾರಿಗಳಿಲ್ಲದೆ ಇಲ್ಲ. ಮದುವೆ ನಮ್ಮ ದೇಶದಲ್ಲಿಯೇ ಆಗುವುದಾದರೆ 1954ರ ವಿಶೇಷ ವಿವಾಹ ಕಾಯಿದೆಯಿದೆ. ವಧೂವರರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿದ್ದು ನೋಟೀಸು ಕೊಡಬೇಕು. ಆಕ್ಷೇಪಣೆಗೆ 30 ದಿನ ಕಾಯಬೇಕು. ಬಳಿಕ ಮೂವರು ಸಾಕ್ಷಿಗಳ ಮುಂದೆ ಒಬ್ಬರನ್ನೊಬ್ಬರು ವರಿಸಿದೆವೆಂದು ಹೇಳಬೇಕು. ಮತ ಬದಲಾಯಿಸಬೇಕಾದದ್ದಿಲ್ಲ. ಪರದೇಶದಲ್ಲಿ ಆಗುವುದಾದರೆ 1969ರ ವಿದೇಶ ವಿವಾಹ ಕಾಯಿದೆಯಿದೆ. ಒಬ್ಬರು ಭಾರತದ ಪ್ರಜೆಯಾಗಿದ್ದರೆ ಸಾಕು. ನಮ್ಮ ರಾಯಭಾರ ಕಛೇರಿಯಲ್ಲಿರುವ ವಿವಾಹಾಧಿಕಾರಿಗೆ ನೋಟೀಸು ಕೊಟ್ಟು, ಆ ದೇಶದ ಕಾನೂನು ಅಡ್ಡಬಾರದಿದ್ದಲ್ಲಿ, ಅವರ ಮುಂದೆ ವಿವಾಹವಾಗಬಹುದು. ಅಲ್ಲಿಯೂ 30 ದಿನದ ವಾಸ, 30 ದಿನದ ಆಕ್ಷೇಪಣೆಯ ಅವಧಿ, ಮೂವರು ಸಾಕ್ಷಿಗಳು. ವಿವಾಹದ ರೂಪವು ವಧೂವರರ ಇಷ್ಟಕ್ಕೆ ಬಿಟ್ಟದ್ದೆಂದೂ ಆ ಕಾಯಿದೆ ಹೇಳುತ್ತದೆ. ಅಧಿಕಾರಿಯ ಮುಂದೆ ಪರಸ್ಪರ ಅಂಗೀಕಾರದ ಮಾತನ್ನು ಆಡಿದರಾಯಿತು. ಅಥವಾ ವರನ ದೇಶದ ಕಾನೂನಿನಂತೆಯೇ ಆಗಬಹುದು. ಜರ್ಮನಿಯಲ್ಲಿ 1876ರಿಂದಲೂ ಫ್ರಾನ್ಸಿನಲ್ಲಿ 1792ರಿಂದಲೂ ಸರಕಾರದ ಅಧಿಕಾರಿಯ ಮುಂದೆ ಆದದ್ದೇ ವಿವಾಹ. ಇಗರ್ಜಿಯ ಆಶೀರ್ವಾದವು ಅದರ ಮೇಲಿನ ಶೋಭೆ. ನಮ್ಮವರು ಭೌತಿಕವಾದಿಗಳೆಂದು ಹೀಗಳೆಯುವ ಆ ಜನರು ವಿಧಿಯಾವುದು ಶೋಭೆಯಾವುದು ಎಂಬ ವಿವೇಚನೆಯನ್ನು ನಮಗಿಂತ ಮೊದಲು ಮಾಡಿಕೊಂಡರು.

ಮೂರನೆಯ ದೇಶದ ವಿಷಯ ಹೀಗಲ್ಲ. ಥಾಯ್‌ಲ್ಯಾಂಡಿನಲ್ಲಿ ಅಂಫೋ ಎಂಬ ತಾಲ್ಲೂಕು ಕಛೇರಿಯಲ್ಲಿ ದಾಖಲಾದದ್ದೇ ಮದುವೆ. ಅದಕ್ಕೆ ಪರದೇಶದವರು ತಂತಮ್ಮ ರಾಯಭಾರ ಕಛೇರಿಯಿಂದ ಅವಿವಾಹಿತರೆಂಬ ಪತ್ರವನ್ನು ತಂದು ಥಾಯ್ ಭಾಷೆಗೆ ಅನುವಾದ ಮಾಡಿಸಿ ಕೊಡಬೇಕು. ಹೋಟೆಲಿನ ತೋಟದಲ್ಲಿ ಆದ ಕಲಾಪಕ್ಕೆ ಕಾನೂನಿನ ಬೆಲೆ ಏನೂ ಇಲ್ಲ. ಬಾಲಿ ದ್ವೀಪವೆಂದರೆ ಹಿಂದೂಗಳ ಸೀಮೆ, ಅಲ್ಲಿ ಸುಲಭವೆಂದು ಕೆಲವರು ಭ್ರಮಿಸಿದ್ದಾರೆ. ಅದು ಇಂಡೊನೇಷಿಯ ದೇಶದ ಭಾಗ. ಆ ದೇಶದ 1974ರ ವಿವಾಹಶಾಸನದ ಪ್ರಕಾರ ಮದುವೆಯು ವಧೂವರರ ಮತದ ನಿಯಮದಂತೆ ಆಗಬೇಕು, ಮತಭೇದವಿರುವ ವಿವಾಹಗಳನ್ನು ದಾಖಲಿಸಲು ಅನುಮತಿ ಕೊಡಬಾರದೆಂದು ಅಲ್ಲಿಯ ಸುಪ್ರೀಂ ಕೋರ್ಟು 2023ರಲ್ಲಿ ನ್ಯಾಯಾಧೀಶರಿಗೆ ಸುತ್ತೋಲೆ ಕಳುಹಿಸಿದೆ. ಇಟಲಿಯಲ್ಲಿಯೂ ಅಡ್ಡಿಯಿಲ್ಲವೆಂಬ ಪತ್ರವನ್ನು ತಮ್ಮ ಕಾನ್ಸುಲೇಟಿನಿಂದ ತರಬೇಕು. ಇವೆಲ್ಲವೂ ತಿಂಗಳುಗಟ್ಟಲೆ ಹಿಡಿಯುವ ಕೆಲಸಗಳು. ಮೂರು ದಿನದ ಪ್ರವಾಸದಲ್ಲಿ ಇವುಗಳಿಗೆ ಎಡೆಯೆಲ್ಲಿ?

ಇದು ಬರಿಯ ತರ್ಕವಲ್ಲವೆಂಬುದಕ್ಕೆ ನನಗೆ ತಿಳಿದ ಒಂದು ಸಂಗತಿಯನ್ನು ಹೇಳುವೆನು. ನನ್ನ ಹಳೆಯ ಶಿಷ್ಯರೊಬ್ಬರು, ಒಳ್ಳೆಯ ಉದ್ಯೋಗದಲ್ಲಿದ್ದವರು, ತಮ್ಮ ಮಗಳ ಮದುವೆಯನ್ನು ಜರ್ಮನಿಯ ಹುಡುಗನೊಡನೆ ಥಾಯ್‌ಲ್ಯಾಂಡಿನ ಕಡಲತೀರದಲ್ಲಿ ನಡೆಸಿದರು. ಎರಡು ಕಡೆಯವರಿಗೂ ದೂರವಾದ ಸ್ಥಳವಾದ್ದರಿಂದ ಯಾರಿಗೂ ಮೇಲುಕೀಳಿಲ್ಲವೆಂಬುದು ಅವರ ಸಮಾಧಾನ. ಮೊದಲೇ ನನ್ನನ್ನು ಕಂಡಾಗ, ನೋಂದಣಿಯ ಮಾತೇನಾಯಿತು ಎಂದು ಕೇಳಿದೆ. “ಅದೆಲ್ಲಾ ಆಮೇಲೆ ಮಾಡಿಕೊಳ್ಳುತ್ತಾರೆ ಮೇಷ್ಟ್ರೆ, ಈಗಿನ ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು” ಎಂದರು. ಮದುವೆಯಾಯಿತು. ಚಿತ್ರಗಳು ಬಹಳ ಸುಂದರವಾಗಿದ್ದವು. ಬಳಿಕ ಹುಡುಗಿ ಗಂಡನ ಊರಿಗೆ ಹೋಗಲು ವೀಸಾ ಕೇಳುವಾಗ ವಿವಾಹಪತ್ರವೆಲ್ಲಿ ಎಂದರು. ಥಾಯ್ ಕಛೇರಿಯಲ್ಲಿ ದಾಖಲೆಯಿಲ್ಲ. ನಮ್ಮ ಕಾಯಿದೆಯಲ್ಲಿ ಅದು ಮದುವೆಯಲ್ಲ. ಆದ ಸ್ಥಳದ ಕಾನೂನಿಗೆ ಸಲ್ಲದ್ದನ್ನು ಜರ್ಮನಿಯವರೂ ಒಪ್ಪರು. ಕಡೆಗೆ ಎಂಟು ತಿಂಗಳ ಮೇಲೆ ಜರ್ಮನಿಯ ನೋಂದಣಿ ಕಛೇರಿಯಲ್ಲಿ ಹೊಸದಾಗಿ ಮದುವೆಯಾಗಬೇಕೆಂದು ಗೊತ್ತಾಯಿತು. ಅದಕ್ಕಾಗಿ ಆ ಹುಡುಗಿ ಕೊರಳಲ್ಲಿ ಮಾಂಗಲ್ಯವನ್ನು ಧರಿಸಿಕೊಂಡು ನೋಟರಿಯ ಮುಂದೆ ಕುಳಿತು, ತಾನು ಅವಿವಾಹಿತೆಯೆಂದು ಪ್ರಮಾಣಮಾಡಿ ರುಜುಮಾಡಿದಳು. ಆಕೆಯ ತಾಯಿ ಆ ಕಾಗದವನ್ನು ಓದಿ ಎರಡು ದಿನ ಊಟ ಮಾಡಲಿಲ್ಲ. ಆ ಎಂಟು ತಿಂಗಳಲ್ಲಿ ಹುಡುಗನಿಗೆ ಏನಾದರೂ ಹೆಚ್ಚುಕಡಿಮೆಯಾಗಿದ್ದರೆ, ಆಕೆ ಯಾವ ದೇಶದ ಕಾನೂನಿನಲ್ಲಿಯೂ ಆತನಿಗೆ ಏನೂ ಆಗಿರಲಿಲ್ಲ. ಆತನೇ ಮನಸ್ಸು ಬದಲಾಯಿಸಿದ್ದರೆ ಜೀವನಾಂಶಕ್ಕೆ ಅರ್ಜಿ ಕೊಡುವುದೆಲ್ಲಿ? ಹುಡುಗ ಒಳ್ಳೆಯವನಾದ್ದರಿಂದ ಬದುಕಿದಳು. ಒಳ್ಳೆಯವನಲ್ಲದಿದ್ದರೆ ರಕ್ಷಿಸುವುದಕ್ಕಾಗಿಯೇ ಕಾನೂನಿರುವುದು.

ಕಾಗದಪತ್ರಗಳ ಮಾತು ಪ್ರೇಮಕ್ಕೆ ಅಪಮಾನವೆಂದು ಯುವಕರು ನನಗೆ ಹೇಳುವುದುಂಟು. ಪ್ರೇಮವಿವಾಹಕ್ಕೆ ನಮ್ಮ ಸ್ಮೃತಿಕಾರರು ಗಾಂಧರ್ವವೆಂಬ ಹೆಸರಿಟ್ಟು ಎಂಟು ವಿವಾಹಗಳಲ್ಲಿ ಎಣಿಸಿದ್ದಾರೆ. ಅದಕ್ಕೆ ಅಪಮಾನ ಮಾಡಿದವರು ಅವರಲ್ಲ. ಆ ವಿವಾಹದ ಅಪಾಯವೇನೆಂಬುದಕ್ಕೆ ಶಕುಂತಲೆಯ ಕಥೆಗಿಂತ ಬೇರೆ ಉದಾಹರಣೆ ಬೇಡ. ಕಣ್ವರು ಆಶ್ರಮದಲ್ಲಿಲ್ಲ, ಸಾಕ್ಷಿಗಳಿಲ್ಲ. ಕಾಳಿದಾಸನ ನಾಟಕದಲ್ಲಿ ಇದ್ದದ್ದೊಂದು ಉಂಗುರ, ಅದನ್ನೂ ಮೀನು ನುಂಗಿತು. ತುಂಬಿದ ಸಭೆಯಲ್ಲಿ ತುಂಬುಗರ್ಭಿಣಿ ನಿಂತಿರುವಾಗ ರಾಜನು ಇವಳಾರೆಂದು ಕೇಳಿದನು. ಭಾರತದ ಕಥೆಯಲ್ಲಿಯಾದರೋ ಆಕಾಶವಾಣಿಯಾಗಿ ಸಾಕ್ಷಿ ನುಡಿಯಿತು. ಈಗಿನ ಆಕಾಶವಾಣಿ ವಾರ್ತೆಯನ್ನೂ ಸಂಗೀತವನ್ನೂ ಪ್ರಸಾರ ಮಾಡುತ್ತದೆಯೇ ಹೊರತು ಸಾಕ್ಷಿ ಹೇಳಲು ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ ಚಿತ್ರಾಂಗದೆಯ ವಿವಾಹವನ್ನು ನೋಡಿರಿ. ಹುಟ್ಟುವ ಮಗನು ತನ್ನ ವಂಶಕ್ಕೆ ಸಲ್ಲಬೇಕೆಂಬ ಷರತ್ತನ್ನು ಆಕೆಯ ತಂದೆ ಅರ್ಜುನನಿಗೆ ಮೊದಲೇ ಹೇಳಿದನು. ಅರ್ಜುನನು ಒಪ್ಪಿಯೇ ಕೈಹಿಡಿದನು. ಪರದೇಶದ ಸಂಬಂಧ ಮಾಡುವವರು ಮಕ್ಕಳ ಪೌರತ್ವ, ಭಾಷೆ, ಮತ, ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳುವ ಭಾರ, ಇವನ್ನೆಲ್ಲಾ ಬಾಯಿಬಿಟ್ಟು ಮೊದಲೇ ಆಡಿಕೊಳ್ಳಬೇಕು. ಸೊಸೆಯೋ ಅಳಿಯನೋ ನಮ್ಮ ದೇಶಕ್ಕೆ ಬಂದು ನೆಲಸುವ ಮಾತಿದ್ದರೆ, ಸಾಗರೋತ್ತರ ನಾಗರಿಕರೆಂಬ ಚೀಟಿಗೆ ವಿವಾಹವು ದಾಖಲಾಗಿ ಎರಡು ವರ್ಷ ನಡೆದಿರಬೇಕೆಂಬ ನಿಯಮವಿದೆ; ಪೂರ್ಣ ಪೌರತ್ವಕ್ಕೆ ಇಲ್ಲಿ ಏಳು ವರ್ಷ ವಾಸವಿರಬೇಕು. ನೋಂದಣಿಯನ್ನು ಒಂದು ವರ್ಷ ತಡಮಾಡಿದವರಿಗೆ ಆ ಚೀಟಿಯೂ ಒಂದು ವರ್ಷ ತಡವಾಗಿಯೇ ಬರುವುದು.

ಇನ್ನು ಕರ್ಮಭಾಗದ ವಿಚಾರ. ಇಲ್ಲಿ ನನ್ನ ಕೋಪವು ಸ್ವಲ್ಪ ಹೆಚ್ಚು, ವಾಚಕರು ಕ್ಷಮಿಸಬೇಕು. ಸಂಕಲ್ಪವೆಂಬುದು ಕರ್ತೃವು ತಾನು ಯಾವ ದೇಶದಲ್ಲಿ ಯಾವ ಕಾಲದಲ್ಲಿ ಕುಳಿತಿರುವೆನೆಂಬುದನ್ನು ಸತ್ಯವಾಗಿ ಹೇಳಿಕೊಳ್ಳುವುದು. ಪರದೇಶದ ಕಡಲಂಚಿನಲ್ಲಿ ಕುಳಿತು ಭರತಖಂಡದಲ್ಲಿ ಗೋದಾವರಿಯ ದಕ್ಷಿಣತೀರದಲ್ಲಿರುವೆನೆಂದು ಹೇಳಿದರೆ ಕರ್ಮವು ಅಸತ್ಯದಿಂದಲೇ ಆರಂಭವಾಯಿತು. ಅಮೆರಿಕೆಯಲ್ಲಿ ನೆಲಸಿರುವ ಪುರೋಹಿತರಲ್ಲಿ ಅನೇಕರು ಈ ದೋಷವನ್ನರಿತು ಕ್ರೌಂಚದ್ವೀಪವೆಂದು ಹೇಳುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ಆ ದ್ವೀಪವೇ ಅಮೆರಿಕೆಯೋ ಅಲ್ಲವೋ, ನಿಜ ಹೇಳಬೇಕೆಂಬ ಅವರ ಪ್ರಯತ್ನವನ್ನು ನಾನು ಮೆಚ್ಚುತ್ತೇನೆ. ಮುಹೂರ್ತವೂ ಹಾಗೆಯೇ. ಲಗ್ನವು ಸ್ಥಳವನ್ನು ಹಿಡಿದು ಹುಟ್ಟುವ ಲೆಕ್ಕ. ಬೆಂಗಳೂರಿನ ಪಂಚಾಂಗದಲ್ಲಿ ಹತ್ತೂವರೆಗೆಂದಿರುವ ಲಗ್ನವನ್ನು ರೋಮಿನ ಗಡಿಯಾರದಲ್ಲಿ ಹತ್ತೂವರೆಗೆ ಹಿಡಿಯುವವರನ್ನು ಬಲ್ಲೆ. ಬೇಸಗೆಯಲ್ಲಿ ಮೂರೂವರೆ ಗಂಟೆಯೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯೂ ಅಲ್ಲಿ ಇಲ್ಲಿಗಿಂತ ಹಿಂದೆಂಬುದು ಅವರಿಗೆ ವಿಮಾನ ಹತ್ತುವಾಗ ಮಾತ್ರ ಜ್ಞಾಪಕಕ್ಕೆ ಬರುತ್ತದೆ. ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುತ್ತಾರಂತೆ. ಸಪ್ತರ್ಷಿಮಂಡಲದ ಆ ನಕ್ಷತ್ರವು ದಕ್ಷಿಣದಲ್ಲಿ 35 ಅಂಶಗಳನ್ನು ದಾಟಿದ ಊರಿಗೆ ಹಗಲಾಗಲಿ ಇರುಳಾಗಲಿ ಕ್ಷಿತಿಜದ ಮೇಲಕ್ಕೆ ಬರುವುದೇ ಇಲ್ಲ. ಮೆಲ್ಬೋರ್ನಾದರೋ ಸುಮಾರು 38ರಲ್ಲಿದೆ. ನಾವೂ ನಡುಮಧ್ಯಾಹ್ನ ಛತ್ರದ ಹೆಂಚನ್ನು ತೋರಿಸುವವರೇ, ಒಪ್ಪಿದೆ. ಆದರೆ ನಮ್ಮ ಹೆಂಚಿನ ಆಚೆಗೆ, ರಾತ್ರಿ ಹೊರಗೆ ಬಂದು ನೋಡುವವರಿಗೆ, ನಕ್ಷತ್ರವೊಂದಿದೆ. ಹೋಮದ ಬೆಂಕಿಯನ್ನು ಮಂಟಪದಲ್ಲಿ ಉರಿಸಲು ಎಷ್ಟೋ ಹೋಟೆಲುಗಳವರು ಒಪ್ಪುವುದಿಲ್ಲ. ಅಲ್ಲಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಸುತ್ತುವುದನ್ನೇ ಸಪ್ತಪದಿಯೆನ್ನುತ್ತಾರೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ನೋಯಿಸತಕ್ಕದ್ದು ಮತ್ತೊಂದಿದೆ. ಸೊಸೆ ಪರದೇಶದವಳಾದಾಗ ಕನ್ಯಾದಾನ ಮಾಡುವವರು ಯಾರೆಂಬ ಪ್ರಶ್ನೆ ಬರುತ್ತದೆ. ನಮ್ಮವರು ಪರಿಚಯದ ಯಾವುದೋ ದಂಪತಿಗಳನ್ನು ಕರೆದು ಆ ಹುಡುಗಿಯನ್ನು ಅವರ ಮಗಳೆಂದು ಮಾಡಿ ಧಾರೆಯೆರೆಸುತ್ತಾರೆ. ಹೆತ್ತ ತಂದೆ, ಸಾವಿರಾರು ಮೈಲಿ ದಾಟಿ ಬಂದವನು, ಬಾಡಿಗೆಯ ಪೇಟವನ್ನು ಇಟ್ಟುಕೊಂಡು ಮೂರನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಮುಗುಳ್ನಗುತ್ತಿರುತ್ತಾನೆ. ಅಲ್ಲಿ ಏನಾಗುತ್ತಿದೆಯೆಂದು ಆತನಿಗೆ ತಿಳಿಸುವವರಿಲ್ಲ. ತಿಳಿದಿದ್ದರೆ ನಗುತ್ತಿದ್ದನೇ? ನಮ್ಮ ಮನೆಯ ಹೆಣ್ಣನ್ನು ಅವರ ಊರಿನಲ್ಲಿ ಹೀಗೆಯೇ ಮತ್ತಾರೋ ಕೈಹಿಡಿದು ಒಪ್ಪಿಸಿ ನಮ್ಮನ್ನು ಮೂರನೆಯ ಸಾಲಿನಲ್ಲಿ ಕೂರಿಸಿದ್ದರೆ ನಾವು ಊಟಕ್ಕೆ ನಿಲ್ಲುತ್ತಿದ್ದೆವೇ? ಹೆತ್ತವನೇ ಕೈಯೆತ್ತಿ ಕೊಡಲಿ. ಮಂತ್ರವು ಆತನ ಬಾಯಿಗೆ ಬಾರದಿದ್ದರೆ ಆತನ ಪರವಾಗಿ ಪುರೋಹಿತರು ಹೇಳಲಿ; ನಮ್ಮ ಯಜಮಾನರಲ್ಲಿ ಎಷ್ಟು ಮಂದಿಯ ಬಾಯಿಗೆ ಬರುತ್ತದೆ? ದಾನವೆಂಬ ಶಬ್ದವೇ ಆ ಹುಡುಗಿಗೆ ಕಸಿವಿಸಿಯಾದರೆ ಸ್ಮೃತಿಗಳಲ್ಲಿ ಪ್ರಾಜಾಪತ್ಯವೆಂಬ ವಿವಾಹವಿದೆ. ಇಬ್ಬರೂ ಕೂಡಿ ಧರ್ಮವನ್ನು ನಡೆಸಿರೆಂಬ ಮಾತೇ ಅಲ್ಲಿ ಪ್ರಧಾನ. ಇಂಥ ಸಂಬಂಧಕ್ಕೆ ಹೇಳಿ ಮಾಡಿಸಿದ ಕ್ರಮ ನಮ್ಮ ಪುಸ್ತಕದಲ್ಲಿಯೇ ಇರುವಾಗ, ಅದನ್ನು ತೆರೆದು ನೋಡುವಷ್ಟು ವ್ಯವಧಾನ ನಮಗಿಲ್ಲ.

ನಮ್ಮ ಹಣ ಪರದೇಶಕ್ಕೆ ಹೋಗುತ್ತದೆಂದು 2023ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿ ಇಂಥ ಮದುವೆಗಳನ್ನು ಕುರಿತು ಹೇಳಿದರು. ಆ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಹಾಕಲಿ. ನನಗೆ ಕಾಣುವುದು ಪಾಸ್‌ಪೋರ್ಟಿಲ್ಲದ ಅಜ್ಜಿ. ಆಕೆ ಮೊಮ್ಮಗಳ ಮದುವೆಯನ್ನು ಅಂಗೈಯಗಲದ ಗಾಜಿನಲ್ಲಿ ನೋಡಿ, ಧಾರೆಯ ಹೊತ್ತಿಗೆ ಚಿತ್ರ ನಿಂತುಹೋಗಿ, ಕೈಯಲ್ಲಿ ಹಿಡಿದಿದ್ದ ಅಕ್ಷತೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ದೇವರ ಮುಂದೆ ಹಾಕುತ್ತಾಳೆ. ಜರ್ಮನಿಯಲ್ಲಿಯೂ ಇಟಲಿಯಲ್ಲಿಯೂ ಅಂಥ ಅಜ್ಜಿಯರಿದ್ದಾರೆಂಬುದನ್ನು ಮರೆಯಬಾರದು. ಮೂರನೆಯ ದೇಶದಲ್ಲಿ ಯಾರಿಗೂ ಮೇಲುಕೀಳಿಲ್ಲವೆಂಬ ಸಮಾಧಾನಕ್ಕೆ ಅರ್ಥ ಇಷ್ಟೇ: ಎರಡು ಕಡೆಯ ಮುದುಕರಿಗೂ ಅಲ್ಲಿ ಸಮಾನವಾಗಿ ಜಾಗವಿಲ್ಲ.

ಎರಡು ಊರುಗಳಲ್ಲಿ ಎರಡು ಸಾರಿ ಮಾಡಿದರೆ ಖರ್ಚು ಇಮ್ಮಡಿಯಾಗುವುದಿಲ್ಲವೇ ಎಂದು ಕೇಳುವವರಿಗೆ ಉತ್ತರವನ್ನು ಅವರ ಹೋಟೆಲಿನ ರಶೀತಿಯೇ ಹೇಳೀತು. ನೋಂದಣಿ ಕಛೇರಿಯ ಶುಲ್ಕವು ಒಂದು ಹೂವಿನ ಹಾರದ ಬೆಲೆಯನ್ನು ಮುಟ್ಟುವುದಿಲ್ಲ. ಆರು ತಿಂಗಳ ಮೊದಲು ಕುಳಿತು ಜನನಪತ್ರ, ಅವಿವಾಹಿತಪತ್ರಗಳನ್ನು ತರಿಸಬೇಕು. ಅವುಗಳಿಗೆ ರಾಜ್ಯಸರಕಾರದ ದೃಢೀಕರಣವೂ ಬಳಿಕ ವಿದೇಶಾಂಗ ಖಾತೆಯ ಮುದ್ರೆಯೂ ಬೇಕು. ಭಾರತವು 2005ರಲ್ಲಿ ಹೇಗ್ ಒಡಂಬಡಿಕೆಗೆ ಸೇರಿದಮೇಲೆ ಅಪೊಸ್ಟೀಲ್ ಎಂಬ ಈ ಮುದ್ರೆಯನ್ನು ಬಹು ದೇಶಗಳು ಮಾನ್ಯಮಾಡುತ್ತವೆ, ಎಲ್ಲವೂ ಅಲ್ಲ. ಆಯಾ ದೇಶದ ಕಛೇರಿಯಲ್ಲಿ ವಿಚಾರಿಸಬೇಕು. ವಧೂವರರಲ್ಲಿ ಒಬ್ಬರ ಊರಿನಲ್ಲಿ ಕಾನೂನಿನ ವಿವಾಹ ಮೊದಲು ಮುಗಿಯಲಿ. ಮತ್ತೊಬ್ಬರ ಊರಿನಲ್ಲಿ ಬಂಧುಗಳ ಮುಂದೆ ಅವರವರ ಸಂಪ್ರದಾಯದ ಕರ್ಮವೋ ಆಶೀರ್ವಾದವೋ ನಡೆಯಲಿ. ನಮ್ಮ ಊರಿನಲ್ಲಿ ನಡೆಯುವುದಾದರೆ, ಇಂಥ ಅಳಿಯನು ಹಿಂದುವಲ್ಲವೆಂದೂ ಕಾನೂನಿನ ವಿವಾಹ ಆಗಿದೆಯೆಂದೂ ಪುರೋಹಿತರಿಗೆ ಮುಂಚಿತವಾಗಿ ಮುಚ್ಚುಮರೆಯಿಲ್ಲದೆ ತಿಳಿಸಿ, ಪಾಣಿಗ್ರಹಣ ಲಾಜಾಹೋಮ ಸಪ್ತಪದಿಗಳ ಅರ್ಥವನ್ನು ಒಂದೊಂದು ಕರ್ಮಕ್ಕೆ ಮೊದಲು ಆತನಿಗೂ ಆತನ ತಂದೆತಾಯಿಗಳಿಗೂ ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು. ಪುರೋಹಿತರಿಗೆ ಆ ಭಾಷೆ ಬಾರದಿದ್ದರೆ ಹುಡುಗಿಯ ಅಣ್ಣನೋ ತಮ್ಮನೋ ಪಕ್ಕದಲ್ಲಿ ನಿಂತು ಹೇಳಬಹುದು. ಅರ್ಥ ಹೇಳುವುದರಿಂದ ಮುಹೂರ್ತ ತಪ್ಪುತ್ತದೆನ್ನುವ ಪುರೋಹಿತರಿಗೆ ಒಂದು ಗಂಟೆ ಮೊದಲೇ ಬರಬೇಕೆಂದು ವಿಜ್ಞಾಪಿಸುವುದು; ಅದಕ್ಕೂ ಒಪ್ಪದವರಿಗೆ ದಕ್ಷಿಣೆ ತಾಂಬೂಲ ಕೊಟ್ಟು ನಮಸ್ಕಾರ ಮಾಡಿ, ಬೇರೊಬ್ಬರನ್ನು ಹುಡುಕುವುದು.